ವಾಲ್ವ್ ರೇಡಿಯೊ ಸವಿದನಿ ಅಂತ ಪುಂಗುವವರಿಗೆ ನಾಲ್ಕು ಮಾತು

"ವಾಲ್ವ್ ರೇಡಿಯೊ ದನಿಯೇ ದನಿ. ಆ ಮಾಧುರ್ಯ ಟ್ರಾನ್ಸಿಸ್ಟರ್‌ಗೆ ಎಲ್ಲಿಂದ ಬರಬೇಕು?"

ಈ ಮಾತನ್ನು ನೀವೂ ಕೇಳಿರುತ್ತೀರಿ. ಇದರ ಜೊತೆಗೆ ಒಂದು ಫೋಟೊ ಇರುತ್ತೆ. ಪಾಲಿಶ್ ಹೊಡೆದ ಮರದ ಪೆಟ್ಟಿಗೆ, ಹಳದಿ ಬೆಳಕಿನ ಡಯಲ್, ಸ್ಟೇಷನ್ ಸಿಕ್ಕಿದಾಗ ಕೂಡಿಕೊಳ್ಳುವ ಹಸಿರು ಕಣ್ಣು. ಕೆಳಗೆ ಸಾಲುಗಟ್ಟಲೆ ಕೈಮುಗಿದ ಚಿತ್ರಗಳು.

ಈ ಮಾತು ಹೇಳುವವರು ಮೂರು ಥರ. ಮೊದಲನೆಯವರು ಆ ಕಾಲದಲ್ಲಿ ನಿಜವಾಗಿ ಕೇಳಿದ ಹಿರಿಯರು. ಎರಡನೆಯವರು ಕೇಳದೆಯೇ ಹೊಗಳುವವರು. ಮೂರನೆಯವರು ಆ ಪೆಟ್ಟಿಗೆಯನ್ನು ಹಳ್ಳಿಯಿಂದ ಬಿಡಿಗಾಸಿಗೆ ಎತ್ತಿಕೊಂಡು ಹೋಗಿ ಪಟ್ಟಣದಲ್ಲಿ ಮಾರುವವರು. ಮೊದಲನೆಯವರ ಬಗ್ಗೆ ನಮಗೆ ಗೌರವ ಇದೆ. ಉಳಿದಿಬ್ಬರ ಜೊತೆ ನಮ್ಮ ತಕರಾರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಿಂದ ಬಂದವರು ನಾವು. ನಮ್ಮ ವಾದ ಇಷ್ಟೇ: ಆ ದನಿಯ ಸವಿಯಲ್ಲಿ ವಾಲ್ವಿನ ಪಾಲು ಸಣ್ಣದು. ಮರ, ದೊಡ್ಡ ಸ್ಪೀಕರು, ಗೋಡೆ, ಕರೆಂಟು, ದುಡ್ಡು, ಇವುಗಳ ಪಾಲೇ ದೊಡ್ಡದು. ಇದನ್ನು ಮರೆತು "ಬಲ್ಬಿನ ಮಹಿಮೆ" ಅನ್ನುವುದು ವಿಜ್ಞಾನಕ್ಕೂ ಮೋಸ, ನಮ್ಮ ಹಳ್ಳಿಗಳ ಚರಿತ್ರೆಗೂ ಮೋಸ.

ಎರಡರ ದನಿ ಬೇರೆ, ಅದು ನಿಜ

"ಅದೆಲ್ಲಾ ಭ್ರಮೆ ಬಿಡಿ ತಾತ" ಅನ್ನುವ ಮೊಮ್ಮಕ್ಕಳೇ, ಸ್ವಲ್ಪ ತಾಳಿ. ತಾತನ ಕಿವಿ ಸುಳ್ಳು ಹೇಳಿಲ್ಲ. ಪಡಸಾಲೆಯ ವಾಲ್ವ್ ಸೆಟ್ಟಿನಲ್ಲಿ ವಾರ್ತೆ ಓದುವವರ ದನಿ ಎದೆಯಿಂದ ಬರುತ್ತಿತ್ತು. ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್‌ನಲ್ಲಿ ಅದೇ ದನಿ ಮೂಗಿನಿಂದ ಬರುತ್ತಿತ್ತು. ಈ ವ್ಯತ್ಯಾಸ ಅಳೆದು ತೋರಿಸಬಹುದಾದದ್ದು. ಪ್ರಶ್ನೆ ಇರುವುದು ಅದರ ಕಾರಣದ ಬಗ್ಗೆ.

ವಾಲ್ವ್ ಅಂದರೆ ಗಾಳಿ ತೆಗೆದು ಮುಚ್ಚಿದ ಗಾಜಿನ ಬುರುಡೆ. ಒಳಗೊಂದು ತಂತಿ ಕೆಂಪಗೆ ಕಾಯುತ್ತೆ. ಅದರ ಶಾಖಕ್ಕೆ ಎಲೆಕ್ಟ್ರಾನುಗಳು ಹೊರಟು, 200-250 ವೋಲ್ಟ್ ಇರುವ ಒಂದು ಲೋಹದ ತಗಡಿನ ಕಡೆ ಓಡುತ್ತವೆ. ದಾರಿಯಲ್ಲಿ ಒಂದು ಜಾಲರಿ ಇದೆ. ಆ ಜಾಲರಿಗೆ ಸಣ್ಣದೊಂದು ಸಂಕೇತ ಕೊಟ್ಟರೆ ದೊಡ್ಡ ಹರಿವೆಲ್ಲ ಅದರಂತೆ ಏರಿ ಇಳಿಯುತ್ತೆ. ವಿ.ಸಿ. ನಾಲೆಯ ತೂಬು ಕಂಡವರಿಗೆ ಇದು ಸುಲಭ. ಒಬ್ಬ ಸೌಡಿ ಒಂದು ಕೈಯಲ್ಲಿ ತಿರುಪು ತಿರುಗಿಸಿದರೆ ಗದ್ದೆ ಬಯಲಿಗೆಲ್ಲ ನೀರು. ಸೆಟ್ಟು ಹಾಕಿದ ಮೇಲೆ ಅರ್ಧ ನಿಮಿಷ ಕಾಯಬೇಕಿತ್ತಲ್ಲ, ಅದು ಆ ತಂತಿ ಕಾಯುವ ಹೊತ್ತು.

ಟ್ರಾನ್ಸಿಸ್ಟರ್ ಮಾಡುವುದೂ ತೂಬಿನ ಕೆಲಸವನ್ನೇ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅದು ಹುಟ್ಟಿತು. ಅದಕ್ಕೆ ಗಾಜಿಲ್ಲ, ಕಾಯುವ ತಂತಿ ಇಲ್ಲ. ಜರ್ಮೇನಿಯಮ್ ಅಥವಾ ಸಿಲಿಕಾನ್‌ನ ಒಂದು ಚೂರು, ಟಾರ್ಚಿನ ನಾಲ್ಕು ಸೆಲ್ಲು, ಅಂದರೆ 6 ವೋಲ್ಟ್, ಇಷ್ಟು ಸಾಕು.

ಇವೆರಡನ್ನೂ ನಮ್ಮ ರಾಜ್ಯದಲ್ಲೇ ಮಾಡಿದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಬೆಂಗಳೂರು ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಾಯದಿಂದ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರುವಾಯಿತು. ಮರುವರ್ಷ, 1962ರಲ್ಲಿ, ಜರ್ಮೇನಿಯಮ್ ಟ್ರಾನ್ಸಿಸ್ಟರ್‌ ಕೆಲಸ ಶುರುವಾಯಿತು. ಒಂದೇ ಕಾರ್ಖಾನೆ, ಒಂದೇ ವರ್ಷದ ಅಂತರ. ಒಂದು ದೇವರು, ಇನ್ನೊಂದು ದೆವ್ವ ಆಗುವುದಕ್ಕೆ ಸಾಧ್ಯವೇ?

ಮಾತಾಡುವುದು ಪೆಟ್ಟಿಗೆ

ನಾಗಮಂಗಲದ ಕಡೆ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹಳೇ ಹೆಸರಿದೆ. ಅಲ್ಲಿ ಯಾರನ್ನಾದರೂ ಕೇಳಿ: ಗಂಟೆಯ ನಾದ ಇರುವುದು ನಾಲಿಗೆಯಲ್ಲೋ, ಗಂಟೆಯ ಮೈಯಲ್ಲೋ? ಅದೇ ನಾಲಿಗೆಯನ್ನು ತಗಡಿನ ಡಬ್ಬಕ್ಕೆ ಬಡಿದರೆ ಬರುವುದು ಬರೀ ಸದ್ದು.

ಮನೆಯ ವಾಲ್ವ್ ಸೆಟ್ಟಿನ ಸ್ಪೀಕರು 6ರಿಂದ 8 ಅಂಗುಲ. ಕೈ ಟ್ರಾನ್ಸಿಸ್ಟರ್‌ನದು ಸುಮಾರು 3 ಅಂಗುಲ. ತಗ್ಗಿನ ದನಿ ಹುಟ್ಟಬೇಕಾದರೆ ತುಂಬಾ ಗಾಳಿಯನ್ನು ತಳ್ಳಬೇಕು. ಅದು ಅಗಲವಾದ ಸ್ಪೀಕರಿಗೆ ಸುಲಭ, ಅಂಗೈಯಗಲದ್ದಕ್ಕೆ ಕಷ್ಟ. ಮೊರ ಬೀಸಿದರೆ ಬರುವ ಗಾಳಿ ಬೇರೆ, ವಿಳ್ಯದೆಲೆ ಬೀಸಿದರೆ ಬರುವ ಗಾಳಿ ಬೇರೆ.

ಇನ್ನೊಂದು ಸಂಗತಿ. ಸ್ಪೀಕರು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತೆ. ಈ ಎರಡು ಅಲೆ ಅಂಚು ಸುತ್ತಿ ಬಂದು ಸೇರಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಮೊದಲು ಸಾಯುವುದು ತಗ್ಗಿನ ದನಿಯೇ. ಅಗಲವಾದ ಮರದ ಹಲಗೆ ಮಧ್ಯೆ ಇದ್ದರೆ ಆ ಅಲೆಗಳು ಅಷ್ಟು ಬೇಗ ಸೇರುವುದಿಲ್ಲ. ಹಳೇ ಸೆಟ್ಟಿನ ಮರದ ಪೆಟ್ಟಿಗೆ ಚೆಂದಕ್ಕಷ್ಟೇ ಇದ್ದದ್ದಲ್ಲ. ಅದು ಈ ಕೆಲಸ ಮಾಡುತ್ತಿತ್ತು. ಅದನ್ನು ಗೋಡೆಗೆ ಹತ್ತಿರ, ಗೂಡಿನಲ್ಲೋ ಸ್ಟ್ಯಾಂಡಿನ ಮೇಲೋ ಇಡುತ್ತಿದ್ದರು. ಗೋಡೆಯೂ ತಗ್ಗಿನ ದನಿಗೆ ಬಲ ಕೊಡುತ್ತಿತ್ತು. ಟ್ರಾನ್ಸಿಸ್ಟರ್‌ಗೆ ಇದ್ದದ್ದು ಪ್ಲಾಸ್ಟಿಕ್ ಮೈ, ಅದರ ಮೇಲೊಂದು ಚರ್ಮದ ಚೀಲ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ನಿಮ್ಮ ಫೋನಲ್ಲಿ ಒಂದು ಹಾಡು ಹಾಕಿ, ಬರೀ ನೆಲದ ಮೇಲಿಡಿ. ಆಮೇಲೆ ಒಂದು ಸ್ಟೀಲ್ ಚೊಂಬಿನೊಳಗೆ ಇಡಿ. ಆಮೇಲೆ ಮರದ ಪೆಟ್ಟಿಗೆಯ ಮೇಲಿಡಿ. ಫೋನ್ ಅದೇ, ಹಾಡು ಅದೇ, ದನಿ ಮೂರು ಥರ.

ಇನ್ನೂ ಗಟ್ಟಿ ಪುರಾವೆ ಬೇಕಾದರೆ, ಸೆಲ್ಲಿನ ಹಳೇ ಟ್ರಾನ್ಸಿಸ್ಟರ್ ಇದ್ದವರು ಒಬ್ಬ ರಿಪೇರಿಯವರ ಹತ್ತಿರ ಹೋಗಿ. ಅದರ ಸ್ಪೀಕರ್ ತಂತಿಯನ್ನು, ಅಷ್ಟೇ ಓಮಿನ 8 ಅಂಗುಲದ ಸ್ಪೀಕರಿಗೆ, ಮರದ ಪೆಟ್ಟಿಗೆಯಲ್ಲಿ ಕೂರಿಸಿ ಜೋಡಿಸಲು ಹೇಳಿ. ಮೂಗಿನ ದನಿ ಎದೆಗೆ ಇಳಿಯುತ್ತೆ. 1970ರ ದಶಕದಲ್ಲಿ ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಟೇಬಲ್ ಸೆಟ್ಟುಗಳೂ ಬಂದವು. ಅಂಥ ಒಂದನ್ನು ಕಣ್ಣು ಮುಚ್ಚಿಕೊಂಡು ಕೇಳಿ ವಾಲ್ವೋ ಟ್ರಾನ್ಸಿಸ್ಟರೋ ಹೇಳಿ ಅಂದರೆ, ಈಗ ಜೋರಾಗಿ ಮಾತಾಡುವ ಎಷ್ಟೋ ಜನ ತಡವರಿಸುತ್ತಾರೆ.

ಏರಿಯಲ್ ವಿಚಾರವೂ ಇದೆ. ವಾಲ್ವ್ ಸೆಟ್ಟಿಗೆ ಮನೆ ಮೇಲೆ ಉದ್ದದ ತಂತಿ ಎಳೆಯುತ್ತಿದ್ದರು, ಇಲ್ಲವೇ ತೊಲೆಯಿಂದ ತೊಲೆಗೆ ತಾಮ್ರದ ಜಾಲರಿ ಪಟ್ಟಿ ಕಟ್ಟುತ್ತಿದ್ದರು. ಸಂಕೇತ ಬಲವಾಗಿ ಬರುತ್ತಿತ್ತು, ಕರಕರ ಕಡಿಮೆ ಇರುತ್ತಿತ್ತು. ಟ್ರಾನ್ಸಿಸ್ಟರ್‌ನ ಏರಿಯಲ್ಲು ಒಳಗಿರುವ ಒಂದು ಕಪ್ಪು ಫೆರೈಟ್ ಕಡ್ಡಿ. ಇಲ್ಲೂ ಗೆದ್ದದ್ದು ಮನೆ ಮೇಲಿನ ತಂತಿ, ಗಾಜಿನ ಬುರುಡೆ ಅಲ್ಲ.

ಹಾಗಾದರೆ ವಾಲ್ವಿನ ಪಾಲು ಏನೂ ಇಲ್ಲವೇ?

ಇದೆ. ನ್ಯಾಯವಾಗಿ ಅದನ್ನೂ ಹೇಳಬೇಕು.

ಮನೆಯ ಸೆಟ್ಟುಗಳಲ್ಲಿ ಕೊನೆಯ ವಾಲ್ವ್, ರಿಪೇರಿಯವರಿಗೆ ಬಾಯಿಪಾಠವಾದ ಇಎಲ್ 84 ಥರದ್ದು, ಒಂಟಿಯಾಗಿ ದುಡಿಯುತ್ತಿತ್ತು. ಹೊರೆ ಹೆಚ್ಚಿದಂತೆ ಅದು ದನಿಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತೆ. ಆ ಬದಲಾವಣೆಯಲ್ಲಿ ಮೂಲ ಸ್ವರದ ಎರಡು ಪಟ್ಟಿನ ಕಂಪನ ಮುಖ್ಯವಾಗಿ ಸೇರಿಕೊಳ್ಳುತ್ತೆ. ಸಂಗೀತ ಬಲ್ಲವರಿಗೆ ಗೊತ್ತು, ಎರಡು ಪಟ್ಟು ಅಂದರೆ ಮೇಲಿನ ಷಡ್ಜ. ಮೂಲ ಸ್ವರಕ್ಕೆ ಅದು ಒಗ್ಗುತ್ತೆ, ಕಿವಿಗೆ ಚುಚ್ಚುವುದಿಲ್ಲ. ತುಂಬಾ ಜೋರು ಮಾಡಿದರೂ ಅಲೆಯ ತುದಿ ದುಂಡಗಾಗುತ್ತೆ.

ಸಣ್ಣ ಟ್ರಾನ್ಸಿಸ್ಟರ್‌ನಲ್ಲಿ ಸೆಲ್ಲು ಉಳಿಸುವುದಕ್ಕೆ ಬೇರೆ ಉಪಾಯ ಮಾಡಿದ್ದರು. ಎಸಿ 128ರಂಥ ಎರಡು ಟ್ರಾನ್ಸಿಸ್ಟರ್ ಜೋಡಿ ಕೆಲಸ ಮಾಡುತ್ತವೆ. ಅಲೆಯ ಮೇಲಿನ ಅರ್ಧ ಒಂದರದ್ದು, ಕೆಳಗಿನ ಅರ್ಧ ಇನ್ನೊಂದರದ್ದು. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕಿದ ಹಾಗೆ. ಲಯ ಸರಿಯಿದ್ದರೆ ಚೆಂದ. ಒಬ್ಬರು ಎತ್ತಿ ಇನ್ನೊಬ್ಬರು ಇಳಿಸುವುದರ ನಡುವೆ ಸಂದು ಬಿದ್ದರೆ ತಾಳ ತಪ್ಪುತ್ತೆ. ಸೆಲ್ಲು ಇಳಿದಾಗ ಟ್ರಾನ್ಸಿಸ್ಟರ್ ದನಿ ಒಡೆದು ಗೊರಗೊರ ಅನ್ನುತ್ತಿತ್ತಲ್ಲ, ಅದಕ್ಕೆ ಕಾರಣ ಈ ಸಂದು ದೊಡ್ಡದಾದದ್ದು. ಜೋರು ಮಾಡಿದಾಗಲೂ ಅಲೆಯ ತುದಿ ಕುಡುಗೋಲಲ್ಲಿ ಕುಯ್ದಂತೆ ಚಪ್ಪಟೆಯಾಗುತ್ತೆ. 6 ವೋಲ್ಟಿನಲ್ಲಿ ಅದಕ್ಕಿಂತ ಮೇಲೆ ಹೋಗುವುದಕ್ಕೆ ಜಾಗವೇ ಇಲ್ಲ.

ಬಲದ ಲೆಕ್ಕ ನೋಡಿ. ಇಎಲ್ 84 ಸೆಟ್ಟು 3-4 ವ್ಯಾಟ್ ಕೊಡುತ್ತೆ. ಕೈ ಟ್ರಾನ್ಸಿಸ್ಟರ್ ಅರ್ಧ ವ್ಯಾಟ್ ಕೊಟ್ಟರೆ ಹೆಚ್ಚು. ಒಂದು ಜೋಡೆತ್ತಿನ ಗಾಡಿ, ಇನ್ನೊಂದು ಸೈಕಲ್ಲು. ಸೈಕಲ್ಲಿನ ಮೇಲೆ ಹತ್ತು ಮೂಟೆ ಹೇರಿ "ಏದುಸಿರು ಬಿಡುತ್ತೆ" ಅಂತ ಬೈದರೆ ತಪ್ಪು ಯಾರದು?

ವಾಲ್ವಿಗೂ ಸ್ಪೀಕರಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತೆ. ಅದು ತೀರಾ ಮೇಲಿನ, ತೀರಾ ಕೆಳಗಿನ ದನಿಗಳನ್ನು ಕಡಿಮೆ ಮಾಡುತ್ತೆ. ಆ ಥರದ ವಾಲ್ವ್ ಸ್ಪೀಕರಿನ ಕಾಗದವನ್ನು ಬಿಗಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಅದಕ್ಕೇ ಸ್ಪೀಕರು ತನ್ನ ಇಷ್ಟದ ಒಂದು ತಗ್ಗಿನ ಸ್ವರದಲ್ಲಿ "ಗುಮ್" ಅಂತ ತಾನಾಗಿ ಹೆಚ್ಚು ಕುಣಿಯುತ್ತೆ. ನಮ್ಮ ಹಿರಿಯರು ತುಂಬು ದನಿ ಅನ್ನುವುದರಲ್ಲಿ ಈ ಗುಮ್ ಕೂಡ ಇದೆ. ಎಂಜಿನಿಯರ್ ಕಣ್ಣಿನಲ್ಲಿ ಅದು ದೋಷ. ಕಿವಿಗೆ ಹಿತವಾದ ದೋಷ. ಅದನ್ನು ಇಷ್ಟಪಡುವುದು ತಪ್ಪಲ್ಲ. ಗಿಟಾರ್ ನುಡಿಸುವವರು ಇವತ್ತಿಗೂ ವಾಲ್ವ್ ಆಂಪ್ಲಿಫೈಯರ್ ಬೇಕೇ ಬೇಕು ಅನ್ನುತ್ತಾರೆ, ಬೇಕೆಂತಲೇ ಅದನ್ನು ಮಿತಿಮೀರಿ ದುಡಿಸಿ ಆ ದುಂಡು ದೋಷ ತೆಗೆಯುತ್ತಾರೆ. ಆದರೆ ದೋಷವನ್ನು "ಶುದ್ಧ ದನಿ" ಅಂತ ಮಾರಿದರೆ ಒಪ್ಪಲಾಗದು.

ಮಹಿಮೆ ನಂಬಿದವರಿಗೆ ಎರಡು ಪ್ರಶ್ನೆ

ಒಂದು: ಸವಿ ಎಲ್ಲ ವಾಲ್ವಿನಲ್ಲೇ ಇದ್ದಿದ್ದರೆ ಬ್ಯಾಟರಿ ವಾಲ್ವ್ ಸೆಟ್ಟನ್ನು ಯಾಕೆ ಯಾರೂ ಹೊಗಳುವುದಿಲ್ಲ? ಕರೆಂಟಿಲ್ಲದ ಊರುಗಳಿಗೆ ಅಂತ ದಪ್ಪ ಡ್ರೈ ಬ್ಯಾಟರಿಯ ಸೆಟ್ಟುಗಳು ಬರುತ್ತಿದ್ದವು. ತಂತಿ ಕಾಯಿಸುವುದಕ್ಕೆ ಒಂದೂವರೆ ವೋಲ್ಟ್, ಓಡಿಸುವುದಕ್ಕೆ 90 ವೋಲ್ಟ್. ಅದರಲ್ಲಿದ್ದದ್ದೂ ಅಪ್ಪಟ ವಾಲ್ವೇ, ಡಿಎಲ್ 96 ಥರದ್ದು. ಅದರ ಬಲ ಒಂದು ವ್ಯಾಟಿನ ಐದನೇ ಒಂದು ಭಾಗದಷ್ಟು. ಗಾಜಿನ ಬುರುಡೆ ಇದ್ದೂ ದನಿ ಕ್ಷೀಣವೇ. ಅದರ ಫೋಟೊ ಯಾವ ಗುಂಪಲ್ಲೂ ಸುತ್ತುವುದಿಲ್ಲ.

ಎರಡು: ಟ್ರಾನ್ಸಿಸ್ಟರ್‌ನಲ್ಲಿ ಕೇಳಿದವರು ನಿಜವಾಗಿ ಕೇಳಿದ್ದು ಏನನ್ನು? ಆ ಕಾಲದ ಆಕಾಶವಾಣಿಯ ದೊಡ್ಡ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳ ಹೊಟ್ಟೆಯಲ್ಲಿದ್ದದ್ದೂ ವಾಲ್ವುಗಳೇ, ಆಳೆತ್ತರದ ಬೀರುಗಳೊಳಗೆ ನೀರಿನಿಂದಲೋ ಗಾಳಿಯಿಂದಲೋ ತಣ್ಣಗಿಟ್ಟ ಭಾರೀ ವಾಲ್ವುಗಳು. ನಿಮ್ಮ ಕೈಯ ಟ್ರಾನ್ಸಿಸ್ಟರ್‌ಗೆ ಬರುವ ಮೊದಲೇ ಹಾಡು ವಾಲ್ವಿನೊಳಗೆ ಹಾದು ಬಂದಿರುತ್ತಿತ್ತು. ವಾಲ್ವ್ ಮುಟ್ಟಿದ್ದೆಲ್ಲ ಜೇನಾಗುವುದಾದರೆ ಟ್ರಾನ್ಸಿಸ್ಟರ್‌ನಿಂದಲೂ ಜೇನು ಸುರಿಯಬೇಕಿತ್ತಲ್ಲ.

ಅಷ್ಟೇ ಅಲ್ಲ. ಮೀಡಿಯಂ ವೇವಿನಲ್ಲಿ ಒಂದೊಂದು ಸ್ಟೇಷನ್ನಿಗೆ ಸಿಗುವ ಜಾಗ ಬರೀ 9 ಕಿಲೊಹರ್ಟ್ಸ್. ಸುಮಾರು 5 ಕಿಲೊಹರ್ಟ್ಸ್‌ಗಿಂತ ಮೇಲಿನ ದನಿ ನಮ್ಮ ಮನೆಯ ತನಕ ಬರುವುದೇ ಕಷ್ಟ. ಗೆಜ್ಜೆಯ ಝಲ್ಲು, ತಾಳದ ಮಿಂಚು ದಾರಿಯಲ್ಲೇ ಉದುರಿಹೋಗುತ್ತವೆ. ಆ ಮೆತ್ತನೆಯ, ಚುಚ್ಚದ ದನಿ ಮೀಡಿಯಂ ವೇವಿನದೇ ಗುಣ. ಅದರ ಕೀರ್ತಿಯನ್ನೂ ವಾಲ್ವಿನ ಖಾತೆಗೆ ಜಮಾ ಮಾಡಿಕೊಂಡಿದ್ದಾರೆ.

ಆ ದನಿ ಯಾರ ಕಿವಿಗೆ ಬಿತ್ತು?

ಈಗ ನಮಗೆ ನಿಜವಾಗಿ ಸಿಟ್ಟು ಬರುವ ಜಾಗಕ್ಕೆ ಬಂದೆವು.

ರೇಡಿಯೊ ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದಿಂದ ಕೂಗಳತೆಯಲ್ಲಿರುವ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ತಮ್ಮ ಮನೆಯಿಂದ 30 ವ್ಯಾಟಿನ ಟ್ರಾನ್ಸ್‌ಮಿಟರಲ್ಲಿ ಪ್ರಸಾರ ಶುರು ಮಾಡಿದರು. ಇಡೀ ದೇಶದ ರೇಡಿಯೊಗೆ ಆಮೇಲೆ ಹೆಸರಾದ 'ಆಕಾಶವಾಣಿ' ಮೊದಲು ಆ ಮೈಸೂರು ಕೇಂದ್ರದ ಹೆಸರು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು.

ಪ್ರಸಾರ ಹತ್ತಿರದಲ್ಲೇ ಇತ್ತು. ಕೇಳುವ ಯಂತ್ರ? ಕರೆಂಟಿನ ವಾಲ್ವ್ ಸೆಟ್ಟಿಗೆ ಮೊದಲು ಕರೆಂಟು ಬೇಕು. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಹುಟ್ಟಿದ ಕೂಡಲೇ ಸುಮಾರು 147 ಕಿಲೊಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪವಾಯಿತು. ನಮ್ಮ ಎಷ್ಟೋ ಹಳ್ಳಿಗಳು ಅದಾದ ಮೇಲೂ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಕರೆಂಟು ಬಂದ ಮೇಲೂ ಸೆಟ್ಟು ಕೊಳ್ಳುವ ಶಕ್ತಿ ಊರಿನ ಒಂದೆರಡು ಮನೆಗೆ ಮಾತ್ರ. ಅದರ ಮೇಲೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ದುಡ್ಡು ಬೇರೆ. ರೇಡಿಯೊ ಲೈಸೆನ್ಸು ಪೂರ್ತಿ ಹೋದದ್ದು 1980ರ ದಶಕದಲ್ಲಿ.

ಹಾಗಾಗಿ ಆ ತುಂಬು ದನಿ ಇದ್ದದ್ದು ದೊಡ್ಡಮನೆಯ ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಕೂತವರು ಯಾರು, ಜಗುಲಿಯಲ್ಲಿ ಕೂತವರು ಯಾರು, ಬೀದಿಯಲ್ಲಿ ನಿಂತವರು ಯಾರು, ಬೀದಿಗೂ ಬರದೆ ಕೇರಿಯಲ್ಲೇ ಉಳಿದವರು ಯಾರು? ನಿಮ್ಮ ಊರಿನ ಹಿರಿಯರನ್ನೇ ಕೇಳಿ. ಮನೆಯೊಳಗೂ ಅಷ್ಟೇ. ಗುಂಡಿ ತಿರುಗಿಸುವ ಕೈ ಯಜಮಾನನದು. ಅಡುಗೆಮನೆಯ ಹೆಂಗಸರಿಗೆ ಗೋಡೆ ದಾಟಿ ಬಂದಷ್ಟು. ಪಂಚಾಯ್ತಿ ರೇಡಿಯೊ ಅಂತ ಬಂದಾಗಲೂ ಬೀಗದ ಕೈ ಯಾರ ಸೊಂಟದಲ್ಲಿತ್ತು ಅನ್ನುವುದು ಮುಖ್ಯವಾಗಿತ್ತು.

ಟ್ರಾನ್ಸಿಸ್ಟರ್ ಬಂದು ಮುರಿದದ್ದು ಇದನ್ನು. ಅದಕ್ಕೂ ಲೈಸೆನ್ಸ್ ಬೇಕಿತ್ತು, ಅದೂ ಪುಕ್ಕಟೆ ಸಿಗಲಿಲ್ಲ. ಆದರೆ ಅದಕ್ಕೆ ಕರೆಂಟು ಬೇಡ, ಪಡಸಾಲೆ ಬೇಡ, ಯಾರ ಅಪ್ಪಣೆಯೂ ಬೇಡ. ಪಾಂಡವಪುರದ ಕಡೆ ಆಲೆಮನೆಯ ಗೂಟಕ್ಕೆ ನೇತುಬಿತ್ತು. ಕೊಪ್ಪರಿಗೆ ಕಾಯುವ ರಾತ್ರಿಗಳಲ್ಲಿ ಜೊತೆಯಾಯಿತು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೆಣ್ಣುಮಕ್ಕಳ ಪಕ್ಕ ಕೂತಿತು. ಕುರಿ ಕಾಯುವವನ ಹೆಗಲೇರಿತು. ಕೇರಿಯ ಹುಡುಗ ಕೂಲಿ ದುಡ್ಡು ಕೂಡಿಟ್ಟು ತಂದದ್ದನ್ನು ಯಾರೂ "ಹೊರಗೆ ನಿಂತು ಕೇಳು" ಅನ್ನುವಂತಿರಲಿಲ್ಲ. ಕೆಆರ್‌ಎಸ್ ಕಟ್ಟೆ 124.80 ಅಡಿ ಮುಟ್ಟಿತೋ ಇಲ್ಲವೋ ಅನ್ನುವ ಸುದ್ದಿ ಗದ್ದೆಯ ಬದುವಿನ ಮೇಲೇ ಸಿಕ್ಕಿತು. ನಮ್ಮ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯವನ್ನು ಮೈಸೂರು ಅನಂತಸ್ವಾಮಿ ಹಾಡಿದ್ದನ್ನು ನಮ್ಮ ಅವ್ವಂದಿರು ಕೇಳಿದ್ದು ಆ ಮೂಗಿನ ದನಿಯಲ್ಲೇ. ಕಣ್ಣೊದ್ದೆಯಾಗುವುದಕ್ಕೆ ಅವರಿಗೆ 8 ಅಂಗುಲದ ಸ್ಪೀಕರು ಬೇಕಾಗಲಿಲ್ಲ.

"ಆ ಮಾಧುರ್ಯ ಹೋಯ್ತು" ಅಂತ ಕೊರಗುವವರೇ, ಆ ಮಾಧುರ್ಯದ ಹೊತ್ತಿನಲ್ಲಿ ನಿಮ್ಮ ಮನೆಯವರು ಎಲ್ಲಿ ಕೂತಿದ್ದರು ಅಂತಲೂ ಒಂದು ಸಾಲು ಸೇರಿಸಿ ಬರೆಯಿರಿ. ಟ್ರಾನ್ಸಿಸ್ಟರ್‌ನ ದನಿ ತೆಳ್ಳಗಾದದ್ದು ಅದು ಎಲ್ಲರ ಕೈಗೆ ಬರುವಷ್ಟು ಚಿಕ್ಕದಾದದ್ದರಿಂದ. ಅದಕ್ಕೆ ತೆತ್ತ ಬೆಲೆ ಅದು. ಹೆಚ್ಚೇನಲ್ಲ.

ಪೆಟ್ಟಿಗೆ ಎತ್ತಿಕೊಂಡು ಹೋಗುವವರು

ಹಳೇ ಸೆಟ್ಟು ಕೊಳ್ಳುವವರು ಈಗಲೂ ಹಳ್ಳಿಗೆ ಬರುತ್ತಾರೆ. ಅಟ್ಟದ ಮೇಲಿದ್ದದ್ದನ್ನು ಗುಜರಿ ಬೆಲೆಗೆ ಕೇಳುತ್ತಾರೆ. ನಾವೂ "ಹಾಳಾಗಿ ಬಿದ್ದೈತೆ, ತಗೊಂಡೋಗಿ" ಅಂತ ಕೊಟ್ಟುಬಿಡುತ್ತೇವೆ. ಕೆಲವರು ಅದನ್ನು ಸರಿ ಮಾಡಿ ಪ್ರೀತಿಯಿಂದ ಇಟ್ಟುಕೊಳ್ಳುತ್ತಾರೆ. ಅವರಿಗೆ ನಮಸ್ಕಾರ. ಇನ್ನು ಕೆಲವರು ಒಳಗಿನ ಚಾಸಿ, ವಾಲ್ವು, ಟ್ರಾನ್ಸ್‌ಫಾರ್ಮರ್ ಎಲ್ಲ ಕಿತ್ತು ಬಿಸಾಕಿ, ಖಾಲಿ ಪೆಟ್ಟಿಗೆಗೆ ಒಂದು ಬ್ಲೂಟೂತ್ ಬೋರ್ಡು, ಬೆಳಕಿಗೊಂದು ಹಳದಿ ಎಲ್‌ಇಡಿ ಹಾಕುತ್ತಾರೆ. ಆಮೇಲೆ "ಹಳೇ ವಾಲ್ವ್ ರೇಡಿಯೊದ ಅಸಲಿ ದನಿ" ಅನ್ನುತ್ತಾರೆ. ಒಳಗಿರುವುದು ಸಾವಿರಗಟ್ಟಲೆ ಟ್ರಾನ್ಸಿಸ್ಟರ್ ತುಂಬಿದ ಚಿಪ್ಪು! ಯಾವುದನ್ನು ಬೈದು ಮಾರುತ್ತಾರೋ ಅದನ್ನೇ ಒಳಗಿಟ್ಟಿರುತ್ತಾರೆ. ಆದರೂ ಕೊಂಡವರು "ಆಹಾ, ಎಂಥ ದನಿ" ಅನ್ನುತ್ತಾರೆ. ಯಾಕೆ ಅಂತ ಇಷ್ಟು ಹೊತ್ತು ಓದಿದ ನಿಮಗೆ ಗೊತ್ತು. ಮರದ ಪೆಟ್ಟಿಗೆ, ದೊಡ್ಡ ಸ್ಪೀಕರು. ನಮ್ಮ ವಾದಕ್ಕೆ ಅವರೇ ಸಾಕ್ಷಿ.

ಅಟ್ಟದಿಂದ ಇಳಿಸಿ ಸೀದಾ ಪ್ಲಗ್ಗಿಗೆ ಹಾಕುವವರಿಗೆ ಒಂದು ಎಚ್ಚರಿಕೆ. ಹಾಕಬೇಡಿ. ದಶಕಗಳ ಕಾಲ ಸುಮ್ಮನಿದ್ದ ಸೆಟ್ಟಿನ ಕಾಗದದ ಕೆಪಾಸಿಟರುಗಳು ಸೋರುತ್ತಿರುತ್ತವೆ, ಫಿಲ್ಟರ್ ಕೆಪಾಸಿಟರು ಒಣಗಿರುತ್ತೆ. ಹಾಗೇ ಹಾಕಿದರೆ ಕೊನೆಯ ವಾಲ್ವೂ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು, ಹೊಗೆ ಬರಬಹುದು. ಎಸಿ-ಡಿಸಿ ಅಂತ ಕರೆಯುತ್ತಿದ್ದ ಸೆಟ್ಟುಗಳಲ್ಲಿ, ಯುಎಲ್ 84 ಥರ 'ಯು' ಇಂದ ಶುರುವಾಗುವ ವಾಲ್ವ್ ಇದ್ದವುಗಳಲ್ಲಿ, ಒಳಗಿನ ಲೋಹದ ಚಾಸಿಯೇ ನೇರ ಕರೆಂಟಿಗೆ ಸೇರಿರುತ್ತೆ. ಗುಂಡಿ ಬಿದ್ದುಹೋದ ಕಡ್ಡಿ ಮುಟ್ಟಿದರೂ ಜೀವಕ್ಕೆ ಅಪಾಯ. ಸೆಟ್ಟು ಆರಿಸಿದ ಮೇಲೂ ಒಳಗೆ 200-250 ವೋಲ್ಟ್ ಸ್ವಲ್ಪ ಹೊತ್ತು ನಿಂತಿರುತ್ತೆ. ಕೆಲಸ ಬಲ್ಲವರ ಕೈಲಿ ಕೆಪಾಸಿಟರ್ ಬದಲಾಯಿಸಿ, ಸೀರೀಸ್ ಬಲ್ಬು ಹಾಕಿ ಪರೀಕ್ಷಿಸಿಯೇ ಚಾಲೂ ಮಾಡಬೇಕು.

ಸರಿ ಮಾಡಿಸಿದ ಮೇಲೂ ಹಳೇ ದನಿಯೇ ಬರುತ್ತೆ ಅಂತ ಕಾಯಬೇಡಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್ಸು ಎಲ್ಲವೂ ಮೀಡಿಯಂ ವೇವಿಗೆ ಕರಕರ ತುಂಬುತ್ತವೆ. ತಾತ ಕೇಳಿದ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಆ ನಿಶ್ಶಬ್ದವೂ ಆ ದನಿಯ ಒಂದು ಭಾಗವೇ ಆಗಿತ್ತು.

ನಾವು ಕೇಳುವುದು ಇಷ್ಟು

ವಾಲ್ವ್ ದೊಡ್ಡದೋ ಟ್ರಾನ್ಸಿಸ್ಟರ್ ದೊಡ್ಡದೋ ಅಂತ ಜಗಳ ಆಡುತ್ತಿರುವಾಗಲೇ ಎರಡಕ್ಕೂ ಅನ್ನ ಹಾಕುವ ಮೀಡಿಯಂ ವೇವ್ ಸೊರಗುತ್ತಿದೆ. ಪ್ರಸಾರ ಭಾರತಿ ದೇಶದಲ್ಲಿ ಹಲವು ಮೀಡಿಯಂ ವೇವ್, ಶಾರ್ಟ್ ವೇವ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿ ಎಫ್‌ಎಂ ಕಡೆ ಹೊರಳಿದೆ. ಮೈಸೂರು ಆಕಾಶವಾಣಿ ಎಫ್‌ಎಂ 100.6ರಲ್ಲಿದೆ. ದನಿ ಶುದ್ಧವಾಗಿದೆ, ಸಂತೋಷ. ಆದರೆ ನಮ್ಮ ಅಟ್ಟದ ವಾಲ್ವ್ ಸೆಟ್ಟುಗಳಲ್ಲಿ ಇರುವುದು ಸಾಮಾನ್ಯವಾಗಿ ಮೀಡಿಯಂ ವೇವು, ಶಾರ್ಟ್ ವೇವು ಮಾತ್ರ. ಹಳೇ ಟ್ರಾನ್ಸಿಸ್ಟರುಗಳಲ್ಲೂ ಅಷ್ಟೇ. ಬೆಂಗಳೂರಿನ 612 ಕಿಲೊಹರ್ಟ್ಸ್‌ನಂಥ 200 ಕಿಲೊವ್ಯಾಟಿನ ಮೀಡಿಯಂ ವೇವ್ ಕೇಂದ್ರಗಳ ಅಲೆ ನೆಲ ಹಿಡಿದು ದೂರದ ಹಳ್ಳಿ ತನಕ ಬರುತ್ತೆ. ಎಫ್‌ಎಂ ಗುಡ್ಡ ದಿಣ್ಣೆ ಅಡ್ಡ ಬಂದರೆ ಮಂಕಾಗುತ್ತೆ. ಮೀಡಿಯಂ ವೇವ್ ಪೂರ್ತಿ ನಿಂತ ದಿನ ವಾಲ್ವ್ ಸೆಟ್ಟೂ ಟ್ರಾನ್ಸಿಸ್ಟರೂ ಒಂದೇ ಥರ ಸದ್ದು ಮಾಡುತ್ತವೆ: ಬರೀ ಸುಯ್ ಅಂತ.

ಅದಕ್ಕೇ, ಮೀಡಿಯಂ ವೇವ್ ನಿಲ್ಲಿಸುವ ಮೊದಲು ಒಳಹಳ್ಳಿಗಳಲ್ಲಿ ಎಫ್‌ಎಂ ನಿಜವಾಗಿ ಕೇಳುತ್ತಾ ಅಂತ ಬಂದು ನೋಡಿ ಅನ್ನುವುದು ಸರ್ಕಾರಕ್ಕೆ ನಮ್ಮ ಮೊದಲ ಮಾತು. ಕೆ.ಆರ್.ಪೇಟೆ, ನಾಗಮಂಗಲದ ಓದುಗರು ನಿಮ್ಮ ಊರಲ್ಲಿ ಯಾವ ಸ್ಟೇಷನ್ ಹೇಗೆ ಕೇಳುತ್ತೆ ಅಂತ ಬರೆದು ಕಳಿಸಿ. ಊರಿನ ಹೆಸರು, ಹೊತ್ತು, ಯಾವ ಸೆಟ್ಟು, ಇಷ್ಟು ಸಾಕು.

ಮನೆಯಲ್ಲಿ ಹಳೇ ಸೆಟ್ಟಿದ್ದವರಿಗೆ: ಗುಜರಿ ಬೆಲೆಗೆ ಕೊಡಬೇಡಿ. ಕೊಡಲೇಬೇಕಾದರೆ "ಒಳಗಿನದನ್ನು ಕೀಳುತ್ತೀಯೋ, ಉಳಿಸುತ್ತೀಯೋ" ಅಂತ ಮೊದಲು ಕೇಳಿ. ಊರಿನ ಶಾಲೆಯ ವಿಜ್ಞಾನದ ಮೇಷ್ಟ್ರು ಇಟ್ಟುಕೊಳ್ಳುವುದಾದರೆ ಅವರಿಗೆ ಕೊಡಿ. ತೂಬು ಅಂದರೇನು ಅಂತ ಮಕ್ಕಳಿಗೆ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ಸಿಗುವುದಿಲ್ಲ. ಪ್ಲಗ್ಗು ಮಾತ್ರ ಕತ್ತರಿಸಿ ಕೊಡಿ.

ನಿಮ್ಮೂರಲ್ಲೋ ಪಕ್ಕದ ಪೇಟೆಯಲ್ಲೋ ವಾಲ್ವ್ ಸೆಟ್ಟು ರಿಪೇರಿ ಮಾಡುತ್ತಿದ್ದ ಹಿರಿಯರು ಇದ್ದರೆ, ಅವರ ಪಕ್ಕ ಒಂದು ಗಂಟೆ ಕೂತು ಫೋನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಯಾವ ಮನೆಯಲ್ಲಿ ಯಾವ ಸೆಟ್ಟಿತ್ತು, ಯಾರು ಎಲ್ಲಿ ಕೂತು ಕೇಳುತ್ತಿದ್ದರು, ಊರಿಗೆ ಮೊದಲ ಟ್ರಾನ್ಸಿಸ್ಟರ್ ತಂದವರು ಯಾರು, ಎಲ್ಲ ಅವರಿಗೆ ಗೊತ್ತಿರುತ್ತೆ. ಅವರು ಒಪ್ಪಿದರೆ ನಮಗೂ ಕಳಿಸಿ. ಹಾಕುತ್ತೇವೆ.